ಕೈಗೆ ಹಗುರ, ಕಾಲಿಗೆ ಗಾಲಿ

ರೈಲು ಎಷ್ಟೇ ಜೋರಾಗಿ ಓಡಲಿ, ಸ್ಟೇಷನ್ನಿಗೆ ಬಂದು ನಿಂತುಬಿಡುತ್ತದೆ. ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಕಚೇರಿಗೆ ಇರುವ ಆಚೀಚಿನ ತುಂಡು ದಾರಿಯನ್ನು ನಾವೇ ಹೇಗಾದರೂ ಸಾಗಿಸಿಕೊಳ್ಳಬೇಕು. ನಡೆದರೆ ಹೊತ್ತಾಗುತ್ತದೆ, ಅಷ್ಟಕ್ಕೆ ಕಾರು ತೆಗೆಯಲು ಮನಸ್ಸು ಬರುವುದಿಲ್ಲ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅರ್ಧ ದಾರಿ ನಡೆದೇ ಬಿಡಬಹುದಿತ್ತು ಅನ್ನಿಸುತ್ತದೆ. ದಿನಾ ರೈಲಿನಲ್ಲಿ ಓಡಾಡುವ ಯಾರನ್ನಾದರೂ ಕೇಳಿ, ಅವರ ದಣಿವೆಲ್ಲ ಈ ತುಂಡು ದಾರಿಯದೇ. ಜನ ರೈಲು ಬಿಟ್ಟು ಕಾರಿಗೆ ಮರಳುವುದೂ ಇದರಿಂದಲೇ.

ನಾನಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ, ಕೆಲಸ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಎರಡೂರನ್ನೂ ಜೋಡಿಸುವುದು ಕ್ಯಾಲ್‌ಟ್ರೇನ್. 2024ರಲ್ಲಿ ಡೀಸೆಲ್ ಹೋಗಿ ವಿದ್ಯುತ್ ರೈಲು ಬಂದ ಮೇಲೆ ಪ್ರಯಾಣ ಚುರುಕಾಗಿದೆ, ಸದ್ದಡಗಿದೆ. ಆದರೆ ಮನೆಯಿಂದ ಸ್ಟೇಷನ್ನಿಗೆ ಎರಡೂವರೆ ಕಿಲೋಮೀಟರ್, ಆ ತುದಿಯಲ್ಲಿ ಫೋರ್ತ್ ಅಂಡ್ ಕಿಂಗ್ ನಿಲ್ದಾಣದಿಂದ ಕಚೇರಿಗೆ ಇನ್ನೆರಡು ಕಿಲೋಮೀಟರ್ ಹಾಗೇ ಉಳಿದಿವೆ. ಸೈಕಲ್ಲಿಗೆಂದು ರೈಲಿನಲ್ಲಿ ಬೇರೆ ಬೋಗಿಯೇ ಇದೆ, ನಿಜ. ಆದರೆ ಜನ ಹೆಚ್ಚಿದ ಹೊತ್ತಿನಲ್ಲಿ ಆ ಜಾಗ ತುಂಬಿಹೋಗುತ್ತದೆ. ಮಡಚುವ ಸೈಕಲ್ ಹತ್ತು–ಹನ್ನೆರಡು ಕಿಲೋ ತೂಗುತ್ತದೆ. ನಿಂತು ಓಡಿಸುವ ವಿದ್ಯುತ್ ಸ್ಕೂಟರುಗಳಲ್ಲಿ ಗಟ್ಟಿಮುಟ್ಟಾದದ್ದು ಬೇಕೆಂದರೆ ಹದಿನೈದು ಕಿಲೋದ ಮೇಲೇ. ಕೈಯಲ್ಲಿ ಹಿಡಿದು ರೈಲು ಹತ್ತಿ, ಸೀಟಿನ ಪಕ್ಕ ಒರಗಿಸಿಟ್ಟು, ಇಳಿದ ಕೂಡಲೇ ರಸ್ತೆಗೆ ಹಾಕಿ ಹೊರಡಬಹುದಾದ ವಾಹನ ನನಗೆ ಕಂಡದ್ದು ಒಂದೇ, ವಿದ್ಯುತ್ ಸ್ಕೇಟ್‌ಬೋರ್ಡ್.

ಈ ಹಲಗೆ ಹುಟ್ಟಿದ್ದೇ ಈ ನೆಲದಲ್ಲಿ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು ಕಡಲಲ್ಲಿ ಅಲೆ ಏಳದ ದಿನ ಮರದ ಹಲಗೆಗೆ ರೋಲರ್ ಸ್ಕೇಟಿನ ಗಾಲಿ ಬಡಿದುಕೊಂಡು ಬೀದಿಗಿಳಿದರು. ಆಗಿನ ಗಾಲಿಗಳು ಬಿರುಸು, ಸಣ್ಣ ಹರಳು ಸಿಕ್ಕರೂ ಗಕ್ಕನೆ ನಿಂತು ಸವಾರನನ್ನು ಮುಂದಕ್ಕೆಸೆಯುತ್ತಿದ್ದವು. 1970ರ ದಶಕದ ಮೊದಲಲ್ಲಿ ಫ್ರಾಂಕ್ ನಾಸ್ವರ್ದಿ ಎಂಬವರು ಯುರೇಥೇನ್ ಗಾಲಿಯನ್ನು ಸ್ಕೇಟ್‌ಬೋರ್ಡಿಗೆ ತಂದರು. ನೆಲವನ್ನು ಕಚ್ಚಿ ಹಿಡಿಯುವ ಈ ಮೆತ್ತನೆಯ ಗಾಲಿಯಿಂದಾಗಿ ಹಲಗೆ ಊರೊಳಗಿನ ಓಡಾಟಕ್ಕೆ ಒದಗಿತು. ಅದಕ್ಕೆ ಮೋಟರ್ ಕೂಡಿಸುವ ಪ್ರಯತ್ನವೂ ಆ ದಶಕದ್ದೇ. ಆದರೆ ಆಗ ಇದ್ದದ್ದು ಪೆಟ್ರೋಲ್ ಎಂಜಿನ್ನು. 1977ರ ಕಾಯಿದೆ ಮೋಟರಿನ ಸ್ಕೇಟ್‌ಬೋರ್ಡನ್ನು ಕ್ಯಾಲಿಫೋರ್ನಿಯಾದ ರಸ್ತೆ, ಫುಟ್‌ಪಾತ್ ಎರಡರಿಂದಲೂ ಹೊರಗಿಟ್ಟಿತು. 2012ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಸಂಜಯ್ ದಸ್ತೂರ್, ಜಾನ್ ಉಲ್ಮೆನ್, ಮ್ಯಾಥ್ಯೂ ಟ್ರ್ಯಾನ್ ಸೇರಿ ಬೂಸ್ಟೆಡ್ ಎಂಬ ವಿದ್ಯುತ್ ಹಲಗೆಗೆ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಿದರು. ಕ್ಯಾಂಪಸ್ಸಿನೊಳಗೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಓಡಾಡಲು ಮಾಡಿಕೊಂಡದ್ದು ಅದು. ಹೀಗೆ ಹಲಗೆಗಳು ಬೀದಿಯಲ್ಲಿ ಕಾಣತೊಡಗಿದ ಮೇಲೆ, 2016ರ ಜನವರಿಯಿಂದ ಕಾನೂನೂ ದಾರಿ ಬಿಟ್ಟುಕೊಟ್ಟಿತು. ಹದಿನಾರು ತುಂಬಿರಬೇಕು, ತಲೆಗೆ ಹೆಲ್ಮೆಟ್ ಬೇಕು, ಗಂಟೆಗೆ 15 ಮೈಲಿ ಮೀರಬಾರದು, ಕತ್ತಲಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ಪ್ರತಿಫಲಕ ಇರಬೇಕು. ರಸ್ತೆಯ ವೇಗಮಿತಿ 35 ಮೈಲಿಗಿಂತ ಹೆಚ್ಚಿದ್ದರೆ ಬೈಕ್ ಲೇನ್ ಬಿಟ್ಟು ಇಳಿಯುವಂತಿಲ್ಲ. ಹಲಗೆ ಕೊಳ್ಳುವ ಮುಂಚೆ ನಿಮ್ಮೂರಿನ ಕಾನೂನು ಓದಿಕೊಳ್ಳಿ. ಎಂಥ ಹಲಗೆ ಬೇಕು ಎನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್ ಮಿತಿ ಇರುವ ಕಡೆ 30 ಮೈಲಿ ಓಡುವ ಹಲಗೆಗೆ ದುಡ್ಡು ಸುರಿದರೆ ಹೊರುವ ಭಾರವೊಂದು ಹೆಚ್ಚುತ್ತದೆ, ಅಷ್ಟೇ.

ನಮ್ಮ ಮನೆಯಲ್ಲಿ ಇದರ ಮಾತೆದ್ದಾಗ ಇವರು ಕೇಳಿದ್ದು, “ಎಷ್ಟು ದೂರ ಹೋಗತ್ತೆ, ಎಷ್ಟು ಜೋರು ಹೋಗತ್ತೆ?” ಎಂದು. ಎಲ್ಲರೂ ಮೊದಲು ಕೇಳುವುದು ಇವೆರಡನ್ನೇ. ಕಂಪನಿಯವರೂ ಇವನ್ನೇ ದಪ್ಪಕ್ಷರದಲ್ಲಿ ಬರೆಯುತ್ತಾರೆ. ದಿನಾ ಕೆಲಸಕ್ಕೆ ಓಡಾಡುವವರು ಮಾತ್ರ ಎಷ್ಟು ಭಾರ ಎಂದೇ ಶುರುಮಾಡಬೇಕು. ಈ ಹಲಗೆ ನಿಮ್ಮನ್ನು ಹೊರುವ ಹೊತ್ತು ಕಡಿಮೆ, ನೀವು ಅದನ್ನು ಹೊರುವ ಹೊತ್ತೇ ಜಾಸ್ತಿ. ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಓಡಿಸುವಂತಿಲ್ಲ, ಕೈಯಲ್ಲಿರಬೇಕು. ರೈಲು ಹತ್ತಿ ಇಳಿಯುವಾಗ ಕೈಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರದ ಬೀದಿಗಳ ಫುಟ್‌ಪಾತ್ ಮೇಲೆ ಸ್ಕೇಟ್‌ಬೋರ್ಡ್ ಓಡಿಸಬಾರದೆಂಬ ನಿಯಮವಿದೆ, ಅಲ್ಲೂ ಕೈಯಲ್ಲೇ. ಲಿಫ್ಟ್, ಕಚೇರಿಯ ಕಾರಿಡಾರ್, ದಾರಿಯಲ್ಲಿ ತರಕಾರಿ ಕೊಳ್ಳಲು ನಿಂತರೆ ಆ ಅಂಗಡಿ, ಎಲ್ಲೆಲ್ಲೂ ಅದು ಕೈಯಲ್ಲಿರುವ ಸಾಮಾನು.

ಭಾರ ಎಷ್ಟಿದ್ದರೆ ತಡೆದೀತು ಎಂದು ತಿಳಿಯಲು ನಾನು ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸೋನಾ ಮಸೂರಿ ಅಕ್ಕಿ 10 ಪೌಂಡ್, 20 ಪೌಂಡ್ ಚೀಲಗಳಲ್ಲಿ ಬರುತ್ತದೆ. 10 ಪೌಂಡ್ ಎಂದರೆ ನಾಲ್ಕೂವರೆ ಕಿಲೋ, 20 ಎಂದರೆ ಒಂಬತ್ತು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು, ಒಂದು ಕೈಯಲ್ಲಿ ಚಿಕ್ಕ ಅಕ್ಕಿ ಚೀಲ ಹಿಡಿದು ಮೆಟ್ಟಿಲು ಹತ್ತಿಳಿದೆ. ಇನ್ನೊಂದು ಕೈಯಲ್ಲಿ ಬೀಗ ತೆಗೆದೆ, ಫೋನ್ ತೆಗೆದು ಟಿಕೆಟ್ ತೋರಿಸುವಂತೆ ಹಿಡಿದೆ. ತೊಂದರೆಯೆನಿಸಲಿಲ್ಲ. ಆಮೇಲೆ ದೊಡ್ಡ ಚೀಲ ಹಿಡಿದೆ. ಮೊದಲ ಮಹಡಿ ತಲುಪುವಷ್ಟರಲ್ಲಿ ಬೆರಳು ಬಿಗಿದುಕೊಂಡವು, ಭುಜ ಒಂದು ಕಡೆ ವಾಲಿತು, ಬೀಗ ತೆಗೆಯಲು ಚೀಲವನ್ನು ನೆಲಕ್ಕಿಡಲೇಬೇಕಾಯಿತು. ಎರಡರ ನಡುವೆ ಅಕ್ಕಿ ಕೂಡಿಸುತ್ತ, ಇಳಿಸುತ್ತ ನೋಡಿ ಆರು ಕಿಲೋ ಎಂದು ಗೆರೆ ಎಳೆದುಕೊಂಡೆ. ನಿಮ್ಮ ಗೆರೆ ಬೇರೆ ಇದ್ದೀತು. ಆದರೆ ನಿಮ್ಮ ಕೈ ಹೇಳುವ ತೂಕವನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿ. ಅಲ್ಲಿನ ಮಿನುಗಿಗೆ ಕಿಲೋಗಳು ಮರೆತುಹೋಗುತ್ತವೆ.

ಒಂದೇ ತೂಕದ ಎರಡು ಹಲಗೆ ಕೈಗೆ ಒಂದೇ ಭಾರವೆನಿಸುವುದೂ ಇಲ್ಲ. ಮೋಟರುಗಳಿರುವುದು ಹಿಂದಿನ ಗಾಲಿಗಳ ಹತ್ತಿರ, ಹಾಗಾಗಿ ತೂಕವೆಲ್ಲ ಬಾಲಕ್ಕೆ. ನಟ್ಟನಡುವೆ ಹಿಡಿದರೆ ಹಿಂಭಾಗ ಜಗ್ಗುತ್ತದೆ. ಮುಂದಿನ ಗಾಲಿಗಳನ್ನು ಹಲಗೆಗೆ ಕೂಡಿಸುವ ಲೋಹದ ಭಾಗಕ್ಕೆ ಸ್ಕೇಟ್‌ಬೋರ್ಡಿನವರು ಟ್ರಕ್ ಎನ್ನುತ್ತಾರೆ. ಅಲ್ಲಿ ಹಿಡಿದು ಜೋತುಬಿಟ್ಟರೆ ಕೈಗೆ ಸಲೀಸು, ಆದರೆ ಹಲಗೆ ಉದ್ದವಿದ್ದರೆ ಬಾಲ ನೆಲಕ್ಕೆ ತಾಗುತ್ತದೆ, ಗಾಲಿಯ ಧೂಳು ಬಟ್ಟೆಗೆ ಮೆತ್ತುತ್ತದೆ. ಮುಕ್ಕಾಲು ಮೀಟರಿನ ಆಸುಪಾಸಿನ ಗಿಡ್ಡ ಹಲಗೆ ಓಡಾಟದವರಿಗೆ ಹೊಂದುವುದು ಇದಕ್ಕೇ. ಅದು ತಿರುವಿನಲ್ಲಿ ಚುರುಕು, ರೈಲಿನಲ್ಲಿ ಮೊಣಕಾಲ ಮುಂದೆ ನಿಲ್ಲಿಸಿಕೊಳ್ಳಬಹುದು. ಜೋರಾಗಿ ಓಡಿಸಿದರೆ ಉದ್ದ ಹಲಗೆಯಷ್ಟು ನೆಮ್ಮದಿಯಾಗಿ ನಿಲ್ಲದು, ಅದೂ ನಿಜ. ಹಲಗೆ ಮೇಪಲ್ ಮರದ ಪದರಗಳದ್ದೋ, ಬಿದಿರಿನದ್ದೋ, ಕಾರ್ಬನ್ ಫೈಬರಿನದ್ದೋ ಎಂದು ನೋಡಿ. ಬಿದಿರು ಬಳುಕಿ ರಸ್ತೆಯ ನಡುಕವನ್ನು ತಾನು ನುಂಗಿಕೊಳ್ಳುತ್ತದೆ. ಕಾರ್ಬನ್ ಹಗುರ, ಗಟ್ಟಿ. ಆ ನಡುಕವನ್ನು ಹಾಗೇ ಅಂಗಾಲಿಗೆ ದಾಟಿಸುತ್ತದೆ.

ಇನ್ನು ದೂರದ ಲೆಕ್ಕ. ಬ್ಯಾಟರಿಯ ಮೇಲೆ ವೋಲ್ಟ್, ಆಂಪಿಯರ್-ಅವರ್ ಎಂದು ಎರಡು ಅಂಕಿ ಬರೆದಿರುತ್ತಾರೆ. ಎರಡನ್ನೂ ಗುಣಿಸಿದರೆ ವಾಟ್-ಅವರ್ ಸಿಗುತ್ತದೆ. 36 ವೋಲ್ಟಿನ, 4 ಆಂಪಿಯರ್-ಅವರಿನ ಬ್ಯಾಟರಿ ಎಂದರೆ 144 ವಾಟ್-ಅವರ್. ಸಮತಟ್ಟಾದ ರಸ್ತೆಯಲ್ಲಿ, ಹದವಾದ ವೇಗದಲ್ಲಿ ಕಿಲೋಮೀಟರಿಗೆ ಹನ್ನೆರಡರ ಸುತ್ತಮುತ್ತ ವಾಟ್-ಅವರ್ ಖರ್ಚಾಗುತ್ತದೆಂದು ಹಿಡಿಯಿರಿ. ಏರು, ಎದುರು ಗಾಳಿ, ಸವಾರರ ತೂಕ, ಚಳಿ ಎಲ್ಲವೂ ಇದನ್ನು ಮೇಲೆತ್ತುತ್ತವೆ. ಬೆಳಿಗ್ಗೆ ನನ್ನ ಎರಡು ತುಂಡು ದಾರಿಗೂ ಸೇರಿ ನಾಲ್ಕೂವರೆ ಕಿಲೋಮೀಟರ್. 54 ವಾಟ್-ಅವರ್ ಬೇಕು. ಕಚೇರಿಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದು. ಬ್ಯಾಟರಿಗೆ ವಯಸ್ಸಾಗುವುದನ್ನೂ ದಾರಿಯ ಏರನ್ನೂ ಎಣಿಸಿ ಅದನ್ನು ಇಮ್ಮಡಿ ಮಾಡಿದರೂ 108. ಅಂದಮೇಲೆ 144 ನನಗೆ ಧಾರಾಳ. ಅದರ ದುಪ್ಪಟ್ಟು ಬ್ಯಾಟರಿಯ ಹಲಗೆಯನ್ನು ಅಂಗಡಿಯವರು ತೋರಿಸಿದಾಗ ನಾನು ಕೇಳಿದ್ದು ಅದರ ತೂಕವನ್ನು. ಇಂಥ ಬ್ಯಾಟರಿಯೊಳಗೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸಣ್ಣ ಸೆಲ್ಲುಗಳಿರುತ್ತವೆ, ಒಂದೊಂದೂ ಹತ್ತಿರಹತ್ತಿರ 45 ಗ್ರಾಂ. ಇಪ್ಪತ್ತು ಸೆಲ್ ಹೆಚ್ಚಾದರೆ 900 ಗ್ರಾಂ ಹೆಚ್ಚು, ಅದರ ಪೆಟ್ಟಿಗೆಯ ತೂಕ ಬೇರೆ. ನಾನು ಎಂದೂ ಹೋಗದ ದೂರಕ್ಕಾಗಿ ಆ ಒಂದು ಕಿಲೋವನ್ನು ದಿನವೂ ಯಾಕೆ ಹೊರಬೇಕು? ನಿಮ್ಮ ದಾರಿ ಅಳೆಯಿರಿ, ಇಮ್ಮಡಿ ಮಾಡಿ, ಅಷ್ಟಕ್ಕೆ ನಿಲ್ಲಿ.

ಮೋಟರಿನಲ್ಲಿ ಎರಡು ಬಗೆ. ಒಂದರಲ್ಲಿ ಮೋಟರು ಗಾಲಿಯೊಳಗೇ ಅಡಗಿರುತ್ತದೆ, ಇನ್ನೊಂದರಲ್ಲಿ ಹೊರಗೆ ಕೂತು ಬೆಲ್ಟಿನಿಂದ ಗಾಲಿಯನ್ನು ತಿರುಗಿಸುತ್ತದೆ. ಬೆಲ್ಟಿನದು ಏರಿಗೆ ಬಲಶಾಲಿ, ಗಾಲಿ ದಪ್ಪವಾಗಿರುವುದರಿಂದ ಕಾಲಿಗೆ ಮೆತ್ತಗೆ. ಆದರೆ ತೂಕ ಹೆಚ್ಚು, ಸದ್ದು ಹೆಚ್ಚು, ಬೆಲ್ಟು ಸವೆದಂತೆ ಬದಲಾಯಿಸುತ್ತಿರಬೇಕು. ಗಾಲಿಯೊಳಗಿನ ಮೋಟರಿನದು ಹಗುರ, ಸದ್ದಿಲ್ಲ, ಚಾರ್ಜ್ ಮುಗಿದರೂ ಮಾಮೂಲಿ ಹಲಗೆಯ ಹಾಗೆ ಕಾಲಿನಿಂದ ತಳ್ಳಿಕೊಂಡು ಮನೆ ಸೇರಬಹುದು. ಮೋಟರಿನ ಸುತ್ತ ಯುರೇಥೇನ್ ತೆಳು, ಹಾಗಾಗಿ ಒರಟು ರಸ್ತೆ ಅಂಗಾಲಿಗೆ ಬೇಗ ತಿಳಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಬೀದಿಗಳಲ್ಲಿ ಮನೆ ಇರುವವರಿಗೆ ನಾನು ಬೆಲ್ಟಿನದೇ ಹೇಳುತ್ತೇನೆ. ನನ್ನ ದಾರಿ ಟೌನ್‌ಸೆಂಡ್ ಬೀದಿ, ಸೆಕೆಂಡ್ ಸ್ಟ್ರೀಟುಗಳ ಬೈಕ್ ಲೇನಿನದು, ದೊಡ್ಡ ಏರಿಲ್ಲ. ಗಾಲಿಯೊಳಗಿನ ಮೋಟರೇ ಸಾಕಾಯಿತು.

ಹಗುರದ ಹಲಗೆಗೆ ಚಿಕ್ಕ ಗಾಲಿಯೇ ಗತಿ. ಸಾಮಾನ್ಯವಾಗಿ 80ರಿಂದ 90 ಮಿಲಿಮೀಟರ್ ಅಡ್ಡಳತೆ. ಇಷ್ಟು ಚಿಕ್ಕ ಗಾಲಿಗೆ ಬಿರುಕು, ಜಲ್ಲಿ, ಚೆಲ್ಲಿದ ಗಾಜು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್ಲಕ್ಕಿಂತ ಅಂಜಬೇಕಾದದ್ದು ಬೀದಿಯಲ್ಲೇ ಹಾದುಹೋಗುವ ಮ್ಯುನಿ ರೈಲಿನ ಹಳಿಗಳಿಗೆ. ಹಳಿಯ ಪಕ್ಕದ ಸಂದಿಗೆ ಗಾಲಿ ಓರೆಯಾಗಿ ಇಳಿದರೆ ಹಲಗೆ ಅಲ್ಲೇ ಉಳಿದು ನಾವು ಮುಂದೆ ಹೋಗುತ್ತೇವೆ. ನೇರ ಅಡ್ಡಲಾಗಿಯೇ ದಾಟಬೇಕು. ಸಂಶಯವಿದ್ದರೆ ಇಳಿದು ನಡೆಯಬೇಕು. ಇಳಿಯಲು ಬೇಸರವಾಗದಷ್ಟು ಹಗುರದ ಹಲಗೆ ಇದ್ದರೆ ಈ ಬುದ್ಧಿ ತಾನಾಗಿ ಬರುತ್ತದೆ. ಭಾರದ ಹಲಗೆಯವರು ಇಳಿಯಬೇಕಾದ ಕಡೆಯೂ ಇಳಿಯದೆ ನುಗ್ಗುವುದನ್ನು ಕಿಂಗ್ ಸ್ಟ್ರೀಟಿನಲ್ಲಿ ನಾನು ನೋಡುತ್ತಲೇ ಇರುತ್ತೇನೆ. ಹಗುರದಿಂದ ಸುರಕ್ಷತೆಯೂ ಹೆಚ್ಚುತ್ತದೆಂದು ನಾನು ನಂಬುವುದು ಅದಕ್ಕೆ.

ಅಮ್ಮ ಹಾಸನದಿಂದ ವಿಡಿಯೊ ಕಾಲ್ ಮಾಡಿದಾಗ ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದೆ. “ಎಲ್ಲ ಸರಿ ಕಣೇ, ಹಿಡ್ಕೊಳ್ಳೋಕೆ ಏನೂ ಇಲ್ಲವಲ್ಲ, ನಿಲ್ಲಿಸೋದು ಹೆಂಗೆ?” ಎಂದಳು. ಈ ಹಲಗೆಯನ್ನು ಕಣ್ಣಾರೆ ಕಾಣದ ಅಮ್ಮ ಕೇಳಿದ್ದು ಕೊಳ್ಳುವವರೆಲ್ಲ ಕೇಳಬೇಕಾದ ಪ್ರಶ್ನೆ. ಕೈಯ ರಿಮೋಟಿನಲ್ಲಿ ಒಂದು ಪುಟ್ಟ ಚಕ್ರವಿರುತ್ತದೆ. ಹೆಬ್ಬೆರಳಿನಿಂದ ಮುಂದಕ್ಕೆ ಉರುಳಿಸಿದರೆ ವೇಗ, ಹಿಂದಕ್ಕೆ ಎಳೆದರೆ ಬ್ರೇಕು. ಬ್ರೇಕು ಹಾಕಿದಾಗ ಮೋಟರೇ ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿ ತುಂಬುತ್ತದೆ. ಇಲ್ಲೊಂದು ಗುಟ್ಟಿದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ, ಬ್ರೇಕು ಸಡಿಲವಾಗಬಹುದು, ಕೆಲವು ಹಲಗೆಗಳಲ್ಲಿ ಕೈಕೊಡಲೂಬಹುದು. ಮನೆ ದಿಬ್ಬದ ಮೇಲಿದ್ದು ಬೆಳಿಗ್ಗೆ ಹೊರಟ ಕೂಡಲೇ ಇಳಿಜಾರು ಸಿಗುವವರು ರಾತ್ರಿ ಪೂರ್ತಿ ಚಾರ್ಜ್ ಮಾಡದೆ ಸ್ವಲ್ಪ ಉಳಿಸಿ ತೆಗೆಯಬೇಕು. ಅಂಗಡಿಯಲ್ಲಿ ಓಡಿಸಿ ನೋಡುವಾಗ ವೇಗಕ್ಕಿಂತ ಹೆಚ್ಚು ಹೊತ್ತು ಬ್ರೇಕು ನೋಡಿ. ಅದು ಮೆಲ್ಲಗೆ ಹಿಡಿದು ಗಟ್ಟಿಯಾಗುತ್ತ ಬರಬೇಕು, ಒಮ್ಮೆಗೇ ಜಗ್ಗಿದರೆ ಆ ಹಲಗೆ ಬೇಡ. ವೇಗ 15 ಮೈಲಿಯಿಂದ 20ಕ್ಕೆ ಏರಿದರೆ ನಿಲ್ಲಲು ಬೇಕಾದ ದೂರ ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ, ಏಕೆಂದರೆ ಆ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. “ಹಂಗಾದ್ರೆ ನಿಧಾನ ಹೋಗು” ಎಂದಳು. ಅದಕ್ಕಿಂತ ಒಳ್ಳೆಯ ಸಲಹೆ ನನಗಂತೂ ಸಿಕ್ಕಿಲ್ಲ.

ಬೆಲೆ ಕಡಿಮೆಯೆಂದು ಹೆಸರು ದೆಸೆಯಿಲ್ಲದ ಬ್ಯಾಟರಿಯನ್ನು ಮನೆಯೊಳಗೆ ತರಬೇಡಿ. ಲೀಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಹೋವರ್‌ಬೋರ್ಡುಗಳಿಗೆ ಬೆಂಕಿ ಹತ್ತತೊಡಗಿ 2016ರಲ್ಲಿ ಅಮೆರಿಕದಲ್ಲಿ ಐದು ಲಕ್ಷಕ್ಕೂ ಹೆಚ್ಚು ಬೋರ್ಡುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಯುಎಲ್ 2272 ಎಂಬ ಸುರಕ್ಷತಾ ಮಾನದಂಡ ಬಂದದ್ದು ಆ ಹೊತ್ತಿನಲ್ಲೇ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಆ ಪ್ರಮಾಣಪತ್ರವಿಲ್ಲದ ಇಂಥ ವಾಹನಗಳನ್ನು ಮಾರುವುದನ್ನೇ ನಿಷೇಧಿಸಿತು. ಹಲಗೆಯ ಹೊಟ್ಟೆಯಡಿ ಆ ಗುರುತಿದೆಯೇ ನೋಡಿ, ಜೊತೆಗೆ ಕೊಟ್ಟ ಚಾರ್ಜರನ್ನೇ ಬಳಸಿ, ಬಾಗಿಲ ದಾರಿಗೆ ಅಡ್ಡವಾಗಿಟ್ಟು ಚಾರ್ಜ್ ಮಾಡಬೇಡಿ. ಬಿಡಿಭಾಗಗಳ ವಿಚಾರವೂ ಹೀಗೇ. ನಮ್ಮ ನೆರೆಯ ಮೌಂಟನ್ ವ್ಯೂ ಊರಿನ ಬೂಸ್ಟೆಡ್ ಕಂಪನಿ ಇಡೀ ಈ ಉದ್ಯಮಕ್ಕೆ ದಾರಿ ತೋರಿಸಿತ್ತು, 2020ರಲ್ಲಿ ಬಾಗಿಲು ಹಾಕಿತು. ಅದರ ಹಲಗೆಗಳು ಮಾತ್ರ ಇನ್ನೂ ಓಡುತ್ತಿವೆ, ರಿಪೇರಿ ಕಲಿತ ಬಿಡಿ ಕುಶಲಿಗಳ ಕೈಯಿಂದ. ಮಾಮೂಲಿ ಅಳತೆಯ ಬೇರಿಂಗ್, ಗಾಲಿ, ಸ್ಕ್ರೂ ಹಾಕಿದ ಹಲಗೆ ತೆಗೆದುಕೊಂಡರೆ ಕಂಪನಿ ಹೋದರೂ ಹಲಗೆ ಉಳಿಯುತ್ತದೆ.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಫೋನ್ ಮಾಡಿ, “ಅತ್ತೆ, ಬರೋವಾಗ ನನಗೂ ಒಂದು ತನ್ನಿ, ಮೆಟ್ರೋದಿಂದ ಆಫೀಸಿಗೆ ಆಗತ್ತೆ” ಎಂದ. ಬೇಡವೆಂದೆ. ವಿಮಾನದಲ್ಲಿ 160 ವಾಟ್-ಅವರಿಗಿಂತ ದೊಡ್ಡ ಲೀಥಿಯಂ ಬ್ಯಾಟರಿ ಪ್ರಯಾಣಿಕರು ಒಯ್ಯುವಂತಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು. ಅದು ಹೋಗಲಿ, ಭಾರತದಲ್ಲಿ ನೋಂದಣಿ ಬೇಡದ ಬ್ಯಾಟರಿ ವಾಹನಕ್ಕೆ 250 ವಾಟ್, ಗಂಟೆಗೆ 25 ಕಿಲೋಮೀಟರ್ ಎಂಬ ಮಿತಿಗಳಿವೆ. ಹೆಚ್ಚಿನ ವಿದ್ಯುತ್ ಹಲಗೆಗಳ ಮೋಟರು ಆ ಮಿತಿಯೊಳಗೆ ಬರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, 80 ಮಿಲಿಮೀಟರ್ ಗಾಲಿಗೆ ಬೆಂಗಳೂರಿನ ಹಂಪು, ಗುಂಡಿ, ಕಿತ್ತ ಚಪ್ಪಡಿಗಳು ಹೇಳಿಸಿದ್ದಲ್ಲ. ನಮ್ಮ ಮೆಟ್ರೋ 2023ರಲ್ಲಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಒಂದೇ ಗೆರೆಯಾಗಿ ಜೋಡಣೆಯಾಯಿತು. ಅಷ್ಟು ದೊಡ್ಡ ಕೆಲಸ ಮಾಡಿದ ಊರು ಸ್ಟೇಷನ್ನಿನ ಸುತ್ತ ಎರಡು ಕಿಲೋಮೀಟರ್ ಫುಟ್‌ಪಾತನ್ನೂ ಸೈಕಲ್ ದಾರಿಯನ್ನೂ ಸಮ ಮಾಡಿಕೊಟ್ಟರೆ ನಡೆಯುವವರಿಗೆ, ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿ ತಳ್ಳುವ ತಾಯಿಗೆ, ಅಣ್ಣನ ಮಗನಿಗೆ, ಎಲ್ಲರಿಗೂ ಒಂದೇ ಸಲಕ್ಕೆ ದಾರಿಯಾಗುತ್ತದೆ. ಅಲ್ಲಿಯವರೆಗೆ ಅವನಿಗೆ ಒಳ್ಳೆಯ ಶೂ ತರುತ್ತೇನೆಂದು ಮಾತು ಕೊಟ್ಟಿದ್ದೇನೆ.

ನನಗೆ ಈ ಹಲಗೆಯ ಮೇಲೆ ಪ್ರೀತಿ ಬಂದದ್ದು ಅದರ ವೇಗಕ್ಕಲ್ಲ. ಅದು ಊರಿನಲ್ಲಿ ಯಾರ ಜಾಗವನ್ನೂ ತಿನ್ನುವುದಿಲ್ಲ. ನಿಲ್ಲಿಸಲು ಚಚ್ಚೌಕದ ನೆಲ ಕೇಳುವುದಿಲ್ಲ, ಹೊಗೆ ಬಿಡುವುದಿಲ್ಲ, ರೈಲಿನಲ್ಲಿ ಪಕ್ಕದವರ ಕಾಲಿಗೆ ತಾಗುವುದಿಲ್ಲ. ಸಂಜೆ ಕಚೇರಿಯಿಂದ ಸ್ಟೇಷನ್ನಿಗೆ ಹೋಗುವಾಗ ಬೇಕರಿಯ ವಾಸನೆ, ಕಡಲ ಕಡೆಯ ತಣ್ಣನೆ ಗಾಳಿ, ನಾಯಿ ಹಿಡಿದು ಬರುವವರ ನಗು ಎಲ್ಲ ಹತ್ತಿರದಿಂದಲೇ ಸಿಗುತ್ತವೆ. ಇವೆಲ್ಲ ಹಗುರವಿದ್ದರೆ ಮಾತ್ರ. ಭಾರದ ಹಲಗೆ ಮೊದಮೊದಲು ದಿನಾ ಬಂದು, ಆಮೇಲೆ ವಾರಕ್ಕೊಮ್ಮೆ ಬಂದು, ಕೊನೆಗೆ ಗ್ಯಾರೇಜಿನ ಗೋಡೆಗೆ ಒರಗಿ ಕೂರುತ್ತದೆ. ಅದರ ಒಡೆಯರು ಮತ್ತೆ ಕಾರಿನ ಬೀಗದ ಕೈ ತೆಗೆಯುತ್ತಾರೆ.

ಆದ್ದರಿಂದ ಕೊಳ್ಳಲು ಹೊರಟವರಿಗೆ ನನ್ನ ಮಾತಿಷ್ಟು. ಕೈ ಒಪ್ಪುವ ತೂಕ ಮೊದಲು, ನಂಬುವಂಥ ಬ್ರೇಕು ಎರಡನೆಯದು, ಪ್ರಮಾಣಪತ್ರವಿರುವ ಬ್ಯಾಟರಿ ಮೂರನೆಯದು. ಈ ಮೂರೂ ಸರಿಯಿದ್ದ ಮೇಲೆ ದೂರ, ವೇಗ, ಬಣ್ಣ ನೋಡಿ. ಹಲಗೆಗಿಟ್ಟ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ಹೆಲ್ಮೆಟ್ಟಿಗೆ, ಮಣಿಕಟ್ಟಿನ ಕವಚಕ್ಕೆ ತೆಗೆದಿಡಿ. ಬಿದ್ದಾಗ ಮೊದಲು ನೆಲಕ್ಕೆ ಊರುವುದು ಕೈಯೇ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಿಲ್ಲುವುದನ್ನು, ನಿಲ್ಲಿಸುವುದನ್ನು ಚೆನ್ನಾಗಿ ಕಲಿತ ಮೇಲೇ ರಸ್ತೆಗಿಳಿಯಿರಿ.